ಮೂವತ್ತಾರನೆಯ ಮನೆ

ಕಣ್ಣು ಮುಚ್ಚಿ ಅಂಕೆಗಳ ಕೋಷ್ಟಕದ ಮೇಲೆ ಪೆನ್ಸಿಲ್ ಇಟ್ಟಾಗ ಹಂಸಳಿಗೆ ಆರು ಬಂದಿತ್ತು. ಆರನೆಯ ಮನೆಯಿಂದ ಶುರು, ಆಮೇಲೆ ಹತ್ತಕ್ಕೊಂದು: ಹದಿನಾರು, ಇಪ್ಪತ್ತಾರು, ಮೂವತ್ತಾರು. ಲಿಂಗರಾಜಪುರದ ಆ ಉದ್ದನೆಯ ಬೀದಿಯಲ್ಲಿ ಕುಡಿಯುವ ನೀರಿನ ಸಮೀಕ್ಷೆ, ತೊಂಬತ್ತೆಂಟರ ಬೇಸಿಗೆ. ಸಂಖ್ಯಾಶಾಸ್ತ್ರ ಓದಿದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ. ನೀರು ಕೆಟ್ಟ ಬೀದಿಗೆ ಮೊದಲು ಹೊಸ ಪೈಪು ಎಂದು ಮಾತಾಗಿತ್ತು.

ಮೂವತ್ತಾರಕ್ಕೆ ಬೀಗ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅಂಕೆ ಬರೆದು ಬಂದಳು. ಮರುದಿನವೂ ಬೀಗ.

ಪಕ್ಕದ ಮನೆಯ ಪದ್ಮಶ್ರೀ ಗೇಟಿನಿಂದಲೇ ಕೂಗಿದಳು. “ಬೀಗಾನ ಏನ್ ಪ್ರಶ್ನೆ ಕೇಳ್ತಿದೀರಾ? ಆಂಜನಮ್ಮ ಮನೆಗೆಲಸಕ್ಕೆ ಹೋದ್ರೆ ಬರೋದು ಏಳಕ್ಕೆ. ಗಂಡ ಗಾರೆ ಕೆಲಸ. ಬನ್ರೀ, ಕಾಫಿ ಕುಡೀರಿ. ನಮ್ಮನೆ ನೀರೇ ತಗೊಂಡೋಗಿ.”

ಬೀಗವಿದ್ದರೆ ಸಂಜೆ ಹೋಗಬೇಕು, ಭಾನುವಾರ ಹೋಗಬೇಕು, ಪಕ್ಕದ ಮನೆಗೆ ಮಾತ್ರ ಹೋಗಬಾರದು. ಹಂಸಳಿಗೆ ಅದು ಬಾಯಿಪಾಠ. ಆದರೆ ಬಿಸಿಲು ನೆತ್ತಿ ಸುಡುತ್ತಿತ್ತು, ಕಾಫಿ ಚೆನ್ನಾಗಿತ್ತು. ಪದ್ಮಶ್ರೀ ಮನೆಯ ನೀರು ತುಂಬಿದ ಬಾಟಲಿಗೆ ಮೂವತ್ತಾರರ ಚೀಟಿ ಅಂಟಿಸಿದಳು. ಬೀಗ ಬಿದ್ದಿದ್ದ ಇನ್ನೂ ನಾಲ್ಕು ಮನೆಗಳಿಗೂ ಹಾಗೆಯೇ ಮಾಡಿದಳು.

ನೀರು ಶುದ್ಧ ಎಂದು ವರದಿಯಾಯಿತು. ಪೈಪು ಬೇರೆ ಬೀದಿಗೆ ಹೋಯಿತು.

ಮಳೆಗಾಲದಲ್ಲಿ ಹಂಸ ಸಮೀಕ್ಷೆ ಮಾಡಿದ್ದ ಬೀದಿಯಲ್ಲೇ ವಾಂತಿಭೇದಿ ಹಬ್ಬಿತು. ಕಾಯಿಲೆ ಬಿದ್ದ ಮನೆಗಳ ಪಟ್ಟಿ ನೋಡಿದಾಗ ಹಂಸಳಿಗೆ ತಿಳಿಯಿತು. ಹಗಲು ಮನೆಯಲ್ಲಿ ಸಿಕ್ಕವರಿಗೆ ಸ್ವಂತ ಬೋರ್‌ವೆಲ್ ಇತ್ತು. ಬೀಗ ಹಾಕಿ ದುಡಿಯಲು ಹೋದವರು ಚರಂಡಿ ಪಕ್ಕದ ಬೀದಿ ನಲ್ಲಿಯ ನೀರು ಕುಡಿಯುತ್ತಿದ್ದರು. ಅವಳು ಬಿಟ್ಟದ್ದು ಯಾವುದೋ ಐದು ಮನೆಗಳನ್ನಲ್ಲ, ಆ ಕೆಟ್ಟ ನೀರು ಕುಡಿಯುವ ಮನೆಗಳನ್ನೇ.

ಮತ್ತೆ ನೀರು ತರಲು ಅವಳೇ ಹೋದಳು, ಸಂಜೆ ಏಳಕ್ಕೆ. ಮೂವತ್ತಾರರ ಬಾಗಿಲು ತೆರೆದಿತ್ತು, ಅಂಕೆ ಹಾಗೇ ಇತ್ತು. ಒಳಗೆ ಗೋಡೆಯ ಮೇಲೆ ಗಂಡಸೊಬ್ಬನ ಫೋಟೋ, ಬಾಡದ ಹಾರ.

“ನಂಬರ್ ಬರೆದಿದ್ದು ನೀವೇನಾಮ್ಮ?” ಎಂದಳು ಆಂಜನಮ್ಮ. “ಬರ್ತೀರ ಅಂತ ಅಳಿಸ್ಲೇ ಇಲ್ಲ.” ಗೋಡೆಯ ಫೋಟೋದತ್ತ ಕೈ ತೋರಿದಳು. “ಇವ್ರು ಒಂದಿನ ಕೆಲಸ ಬಿಟ್ಟು ಕಾದ್ರು.”

“ಪಕ್ಕದ ಮನೆಗೆ ಹೋಗ್ಬಿಟ್ಟೆ ಅಮ್ಮ. ಅವರ ನೀರನ್ನೇ ನಿಮ್ದು ಅಂತ ಬರೆದ್ಬಿಟ್ಟೆ.”

“ಹೋಗ್ಲಿ ಬಿಡಿ, ಈಗ ಬಂದ್ರಲ್ಲ. ಕೂತ್ಕೊಳ್ಳಿ, ಕಾಫಿ ಇಡ್ತೀನಿ.”

ಹಾಗೆ ಬರೆದದ್ದರಿಂದಲೇ ಪೈಪು ತಪ್ಪಿತೆಂದು ಆಂಜನಮ್ಮನಿಗೆ ಅರ್ಥವಾಗಿರಲಿಲ್ಲ. ಹಂಸ ಕೂತಳು. ಆಂಜನಮ್ಮ ನಲ್ಲಿಯಿಂದ ತಂದಿಟ್ಟ ಬಿಂದಿಗೆಯನ್ನು ಬಗ್ಗಿಸಿ, ಪಾತ್ರೆಗೆ ಎರಡು ಲೋಟ ನೀರು ಸುರಿದಳು.