ನೀರಿಗೆ ಹೋಗದ ಕಲೆ

ಬಂಗಾರಪೇಟೆಯ ರೈಲ್ವೆ ಗೇಟಿನ ಪಕ್ಕದ ಶೆಡ್ಡಿನಲ್ಲಿ ಕೋದಂಡಪ್ಪ ಅಂಬಾಸಿಡರ್ ಕಾರಿನ ಇಂಜಿನ್ನಿನ ಗಾಳಿ ಕೊಳವೆ ಬಿಚ್ಚಿಟ್ಟು, ಅದರಡಿಗೆ ಹೊಸ ಗ್ಯಾಸ್ಕೆಟ್ ಕೂರಿಸಲು ಜಾಗ ಕೆರೆದು ಒರೆಸುತ್ತಿದ್ದ. ತಂಗಿ ಮುನಿರತ್ನ ಸೀಮೆಎಣ್ಣೆಯಲ್ಲಿ ಬೋಲ್ಟು ತೊಳೆಯುತ್ತಿದ್ದಳು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮಾತು ಕಮ್ಮಿ, ಕಣ್ಣು ಚುರುಕು. ಅಣ್ಣನ ಕೈ ತೂರದ ಸಂದಿಗಳಿಗೆಲ್ಲ ಅವಳ ಸಣ್ಣ ಕೈಯೇ ಬೇಕು.

"ಹಿಂದ್ಗಡೆ ಎರಡು ತಗಡಿನ ಮುಚ್ಚಳ ಐತಲ್ಲ, ಅದ್ಕೂ ಆಯಿಲ್ ಸೋರ್ದಂಗೆ ಒಸಾ ಕಾರ್ಕ್ ಆಕ್ಬಿಡು. ಇದನ್ನ ಕೂರಿಸಿದ್ಮೇಲೆ ಅಲ್ಲಿಗೆ ಯಾರ ಕೈಯೂ ಓಗಲ್ಲ" ಎಂದ ಕೋದಂಡಪ್ಪ.

"ಊಂ" ಎಂದಳು.

ಕಾರು ಅತ್ತೆ ಪಾಪಕ್ಕನ ಊರಿನ ಅಶ್ವತ್ಥಪ್ಪನವರದು. ಹಿಂದಿನ ಸಲ ಬ್ರೇಕ್ ಸರಿ ಮಾಡಿ, ಕೋದಂಡಪ್ಪ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದ್ದ. ಅವನು ಇಳಿದ ಮೇಲೆ ಅಶ್ವತ್ಥಪ್ಪ ಎದುರಿನ ಹೋಟೆಲಿನಿಂದ ಒಂದು ಚೊಂಬು ನೀರು ತರಿಸಿ, ಅವನು ಕೂತಿದ್ದ ಸೀಟಿಗೂ ಸ್ಟೇರಿಂಗಿಗೂ ಚಿಮುಕಿಸಿ, ಟವೆಲಿನಿಂದ ಒರೆಸಿ, ಆಮೇಲೆ ಕೂತರು. ಸಿಟ್ಟಿನಿಂದ ಮಾಡಿದ್ದಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟು ಸಹಜವಾಗಿ ಮಾಡಿದರು. ಅಣ್ಣ ಸ್ಪ್ಯಾನರ್ ಒರೆಸುತ್ತಾ ನಿಂತಿದ್ದ. ಒರೆಸುವುದಕ್ಕೆ ಅದರಲ್ಲೇನೂ ಇರಲಿಲ್ಲ.

ಮುನಿರತ್ನ ಅದನ್ನೆಲ್ಲ ನೋಡಿದ್ದಳು, ಮರೆತಿರಲಿಲ್ಲ. ಈಗ ಅವಳು ಮುಚ್ಚಳ ಬಿಚ್ಚಿದಳು. ಹಳೆಯ ಕಾರ್ಕಿನ ಪಟ್ಟಿಗಳು ಒಣಗಿ ಮೂಲೆಯಲ್ಲಿ ಸೀಳಿದ್ದವು. ಹೊಸವನ್ನು ಡಬ್ಬದಲ್ಲಿ ಬಚ್ಚಿಟ್ಟು ಹಳೆಯವನ್ನೇ ಕೂರಿಸಿ ಬೋಲ್ಟು ತಿರುಗಿಸಿದಳು. ಕಾರು ನಿಲ್ಲುವುದು ಅಶ್ವತ್ಥಪ್ಪನವರ ಮನೆಯ ಮುಂದಿನ ಅಂಗಳದಲ್ಲಿ. ಅಲ್ಲಿ ದಿನಾ ಆಯಿಲ್ ತೊಟ್ಟಿಕ್ಕಲಿ. ನೀರು ಚಿಮುಕಿಸಿದರೆ ಹೋಗುವಂಥದ್ದಲ್ಲ, ಕಪ್ಪು ಕಲೆ. ಅದನ್ನು ನೋಡಿಕೊಂಡೇ ಅವರು ಬೆಳಗಿನ ಕಾಫಿ ಕುಡಿಯಲಿ.

ಕಾರು ಹೋದ ಮೇಲೆ ಅವಳಿಗೆ ಮುದ್ದೆ ನಾಲ್ಕು ತುತ್ತು ಹೆಚ್ಚೇ ಇಳಿಯಿತು.

ಮುಂದಿನ ವಾರ ಸಂತೆಗೆ ಬಂದ ಪಾಪಕ್ಕ ಶೆಡ್ಡಿಗೂ ಬಂದಳು. ಅಣ್ಣತಂಗಿಗೆ ಅವಳು ಸೋದರತ್ತೆ. ಅಶ್ವತ್ಥಪ್ಪನವರ ಹೊಲಕ್ಕೆ ಕೂಲಿಗೆ ಹೋಗುವವಳು. ಅವಳ ಬೆರಳುಗಳೆಲ್ಲ ಬಿರಿದಿದ್ದವು.

"ಕೈಗೇನಾಯ್ತತ್ತೆ?"

"ಆ ಸುಡುಗಾಡು ಕಾರು ಕಣವ್ವ. ಬೆಳಗಾದ್ರೆ ಅಂಗಳದ ತುಂಬ ಆಯಿಲ್ಲು. ಮೇಲೆ ಸಗಣಿ ಸಾರಿಸಿದ್ರೆ ನಿಲ್ಲಲ್ಲ. ಸೀಮೆಎಣ್ಣೆ ಸುರ್ದು, ಬೂದಿ ಆಕಿ ಉಜ್ಜಬೇಕು. ನಿಮ್ಮೋರು ಮಾಡಿದ್ ಕೆಲಸ, ನೀನೇ ಉಜ್ಜು ಅಂತಾರೆ ಯಜಮಾನ್ತಿ ಅಮ್ಮಾಜಮ್ಮ."

"ಅಂಗಳಾನೂ ನೀನೇ ಗುಡಿಸ್ತೀಯ?"

"ಇನ್ಯಾರು, ಅವರ ಬೀಗರು ಬಂದು ಗುಡಿಸ್ತಾರಾ?" ಪಾಪಕ್ಕ ನಕ್ಕಳು.

ಮುನಿರತ್ನಳಿಗೆ ನಗು ಬರಲಿಲ್ಲ. ಅಂಗಳ ಯಾರದೆಂದು ಯೋಚಿಸಿದ್ದಳು. ಅದನ್ನು ತೊಳೆಯುವ ಕೈ ಯಾರದೆಂದು ಯೋಚಿಸಿರಲಿಲ್ಲ. ಅತ್ತೆ ಹೋದ ಮೇಲೆ ಡಬ್ಬದಿಂದ ಹೊಸ ಕಾರ್ಕ್ ತೆಗೆದು ಅಣ್ಣನ ಮುಂದಿಟ್ಟಳು.

ಕೋದಂಡಪ್ಪ ಅದನ್ನೂ ಅವಳನ್ನೂ ನೋಡಿದ. "ಸೋರ್ತಿರೋದು ಅವರ ಆಯಿಲ್ಲಲ್ಲ ಕಣೇ, ನನ್ ಹೆಸರು."

"ಸೀಟಿಗೆ ನೀರಾಕ್ದಾಗ ನಿಂಗೇನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು." ಕಾರ್ಕನ್ನು ಕೈಗೆತ್ತಿಕೊಂಡು, "ಬಾಯ್ಬಿಟ್ಟು ಅನ್ಬೇಕಾಗಿತ್ತು. ಅನ್ನಲಿಲ್ಲ" ಎಂದ.

ಮಾರನೆಯ ದಿನ ಇಬ್ಬರೂ ಸಾಮಾನು ಹೊತ್ತು ಅತ್ತೆಯ ಊರಿಗೆ ಹೋದರು. ಅಶ್ವತ್ಥಪ್ಪ ಜಗುಲಿಯ ಮೇಲೆ ಕೂತೇ, "ಏನ್ಲಾ ಕೋದಂಡ, ಒಂದು ಸರಿ ಮಾಡಕ್ಕೋಗಿ ಇನ್ನೊಂದು ಕೆಡುಸ್ತೀಯಲ್ಲ" ಎಂದರು.

"ಕಾರ್ಕ್ ಸರಿಯಾಗಿ ಕೂತಿಲ್ಲ ಯಜಮಾನ್ರೇ. ತಪ್ಪು ನಮ್ಮದೇ, ಸರಿ ಮಾಡಿ ಕೊಡ್ತೀವಿ."

ಅಣ್ಣ ಮೇಲಿನದನ್ನೆಲ್ಲ ಬಿಚ್ಚಿ ತೆಗೆದ. ಮುನಿರತ್ನ ಮೊದಲ ಮುಚ್ಚಳಕ್ಕೆ ಕೈಯಿಡುವಾಗ ಮನೆಯಾಕೆ ಅಮ್ಮಾಜಮ್ಮ ಚೊಂಬಿನಲ್ಲಿ ಕಾಫಿ ತಂದರು. "ಪಾಪಕ್ಕ, ನಿಮ್ಮೋರಿಗೆ ಚಿಪ್ಪು ತಕ್ಕೊಡು."

ದನದ ಕೊಟ್ಟಿಗೆಯ ಸೂರಿನಲ್ಲಿ ಎರಡು ತೆಂಗಿನ ಚಿಪ್ಪು ಸಿಕ್ಕಿಸಿದ್ದರು. ಪಾಪಕ್ಕ ಒಂದನ್ನು ತೆಗೆದು ಸೆರಗಿನಿಂದ ಚೆನ್ನಾಗಿ ಒರೆಸಿ ತಂದುಕೊಟ್ಟಳು. ಮುನಿರತ್ನ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಬಗ್ಗಿ, ಇಂಜಿನ್ನಿನ ಕೆಳಗೆ ಸರಿಸಿದಳು. ಎದ್ದು ಮುಚ್ಚಳ ಸಡಿಲಿಸಿದಳು. ಕಪ್ಪು ಆಯಿಲ್ ಚಿಪ್ಪಿನೊಳಕ್ಕೆ ತೊಟ್ಟಿಕ್ಕತೊಡಗಿತು.

"ಇದು ಸರಿಯಾಗೈತಮ್ಮ. ನೆಲಕ್ಕೆ ಬೀಳಲ್ಲ."

ಅಮ್ಮಾಜಮ್ಮ ಚೊಂಬು ಹಿಡಿದು ನಿಂತೇ ಇದ್ದರು. "ಮತ್ತೆ ಕಾಪಿ ಯಾತರಾಗೆ ಕುಡೀತೀರೇ?"

"ಲೋಟದಾಗೆ." ಮುನಿರತ್ನಳ ದನಿ ಕಾರಿನಾಚೆಗೆ ಕೇಳಿಸುವಷ್ಟಿರಲಿಲ್ಲ.

"ಏನಂದ್ಲು ಅವ್ಳು?" ಎಂದರು ಅಶ್ವತ್ಥಪ್ಪ ಜಗುಲಿಯಿಂದ.

ಕೋದಂಡಪ್ಪ ನೆಟ್ಟಗೆ ನಿಂತ. "ಲೋಟದಾಗೆ ಅಂದ್ಲು ಯಜಮಾನ್ರೇ."

ಅಶ್ವತ್ಥಪ್ಪ ಬಾಯಿ ತೆರೆದವರು, ಬಿಚ್ಚಿಟ್ಟ ಇಂಜಿನ್ನನ್ನು ನೋಡಿ ಮತ್ತೆ ಗೋಡೆಗೆ ಒರಗಿ ಕೂತರು. ಮುನಿರತ್ನ ಹೊಸ ಕಾರ್ಕನ್ನು ಅಂಚಿಗೆ ಅಂಚು ಕೂರಿಸಿದಳು. ತೀರಾ ಬಿಗಿದರೆ ತಗಡು ಬಾಗಿ ಮತ್ತೆ ಸೋರುತ್ತದೆ. ಅಷ್ಟಕ್ಕೆ ಮುಂಚೆ ನಿಲ್ಲಿಸಿದಳು. ಬೋಲ್ಟು ಸರಿಯಾಗಿ ಕೂತಿತು.

"ಅತ್ತೆ, ಇನ್ನೊಂದು ಮುಚ್ಚಳ ಬಿಚ್ಚಬೇಕು. ಆ ಚಿಪ್ಪೂ ಕೊಡು."

ಅದು ಪಾಪಕ್ಕನದು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಆ ಸೂರಿನ ಚಿಪ್ಪಿನಲ್ಲೇ ಕುಡಿದವಳು. ಅವಳು ಅಮ್ಮಾಜಮ್ಮನ ಮುಖ ನೋಡಿದಳು. ಬಿರಿದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಬಿಡಿಸಿಕೊಂಡಳು. ಆಮೇಲೆ ಕೊಟ್ಟಿಗೆಗೆ ಹೋಗಿ ಅದನ್ನು ಕಿತ್ತು ತಂದಳು. ಒರೆಸಲಿಲ್ಲ. ತಾನೇ ಕೂತು ಆಯಿಲ್ ಬೀಳುವ ಜಾಗಕ್ಕೆ ಸರಿಸಿ, "ಬಿಚ್ಚವ್ವ" ಎಂದಳು.