ಲದ್ದಿ ಡಾಕ್ಟರಮ್ಮ

ಯಾವ ಬಾಗಿಲಿಗೆ ಬಂದರೂ ನಮ್ಮ ಲದ್ದಿ ಡಾಕ್ಟರಮ್ಮ ಒಳಗೆ ಕಾಲಿಡುವ ಮುನ್ನ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಮಡಚಿ, ಪಾದರಕ್ಷೆಯ ಅಡಿಯನ್ನು ಪರೀಕ್ಷಿಸುತ್ತಾರೆ. ಅದು ಕುದುರೆಲಾಯವಿರಲಿ, ಬ್ಯಾಂಕಿರಲಿ, ಸ್ವಂತ ತಂಗಿಯ ಮನೆಯೇ ಇರಲಿ. "ಹೊಸ್ತಿಲಿಗೆ ಕಾಲು ತೋರಿಸೋಳು ಪ್ರಪಂಚದಲ್ಲಿ ನೀನೊಬ್ಳೇ ಕಣೆ," ಎಂದು ಗಂಡ ರೇಗಿಸಿದರೆ, "ಅಂಟ್ಕೊಂಡು ಬರೋದು ಹೇಳಿ ಬರುತ್ತಾ?" ಎಂದು ಎರಡನೆಯ ಕಾಲನ್ನೂ ಎತ್ತಿ ನೋಡುತ್ತಾರೆ.

ಕುದುರೆಗಳ ಕರುಳಿನಲ್ಲಿ ವಾಸಿಸುವ ವೈರಸ್ಸುಗಳ ಅಧ್ಯಯನವೇ ಅವರ ವೃತ್ತಿ. ಬಿಸಿ ಆರದ ಲದ್ದಿಯನ್ನು ಪುಟ್ಟ ಶೀಶೆಗಳಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಹಸುಗೂಸಿನಂತೆ ಎದೆಗವಚಿಕೊಂಡು ಪ್ರಯೋಗಾಲಯಕ್ಕೆ ಒಯ್ಯುವ ವೈಭವವನ್ನು ಕಂಡೇ ಲಾಯದವರು ಈ ಬಿರುದನ್ನು ದಯಪಾಲಿಸಿದ್ದು. "ಹೊಟ್ಟೆ ಅಂದ್ರೆ ಒಂದು ಊರು. ಅಲ್ಲಿರೋರೆಲ್ಲ ಕಳ್ಳರಲ್ಲ," ಎನ್ನುತ್ತಾರೆ ಅವರು. ಆದರೆ ನಿಜವಾದ ಕಳ್ಳನೊಬ್ಬನಿದ್ದಾನೆ: ಎಳೆಯ ಮರಿಗಳಿಗೆ ಭೇದಿ ಹಿಡಿಸಿ ಮೈಯ ನೀರನ್ನೆಲ್ಲ ಬಸಿದುಬಿಡುವ ವೈರಸ್ಸು. ಆ ಭಯಕ್ಕೇ ಅವರದೊಂದು ಕಟ್ಟಳೆ: ಮೊದಲು ಆರೋಗ್ಯದ ಮರಿಗಳ ಲಾಯ, ಕೊನೆಗೆ ಕಾಯಿಲೆಯ ಲಾಯ, ತಿರುಗುಮುರುಗು ಕೂಡದು.

ಕಟ್ಟಳೆ ಮುರಿದದ್ದು ಒಮ್ಮೆ. ಕಾಯಿಲೆಯ ಲಾಯದಿಂದ ತುರ್ತು ಕರೆ ಬಂದು ಮೊದಲು ಅಲ್ಲಿಗೇ ಓಡಿದರು. ಬಳಿಕ ಕೈ ತೊಳೆದು, ಬೂಟು ಬದಲಿಸಿ, ಕೋಟು ಬದಲಿಸುವುದನ್ನು ಮಾತ್ರ ಮರೆತು, ಊರಾಚೆಯ ಇನ್ನೊಂದು ಲಾಯಕ್ಕೆ ಹೋದರು. ಅಲ್ಲಿ ಆಗತಾನೆ ನಿಲ್ಲಲು ಕಲಿತಿದ್ದ ಕಂದು ಮರಿ ಅವರ ಕೋಟಿನ ತೋಳನ್ನು ಬಾಯಲ್ಲಿ ಹಿಡಿದು ಚೀಪತೊಡಗಿತು. ಬಿಡಿಸಿಕೊಳ್ಳಬೇಕಿತ್ತು, ಮುದ್ದು ಉಕ್ಕಿತು, ಚೀಪಲು ಬಿಟ್ಟರು.

ಎರಡೇ ದಿನಕ್ಕೆ ಮರಿ ಮಲಗಿತು. ಡಾಕ್ಟರಮ್ಮನದು ಮೊದಲೇ ಕುಂಬಳಕಾಯಿ ಕಳ್ಳ ಎಂದರೆ ಕದಿಯದೆಯೂ ಹೆಗಲು ಮುಟ್ಟಿ ನೋಡಿಕೊಳ್ಳುವ ಜೀವ. ಈಗ ಅನ್ನವೇ ಸೇರಲಿಲ್ಲ. ಹುಲ್ಲಿನ ಮೇಲೆ ಕೂತು, ನಳಿಕೆಯಿಂದ ನೀರಿಳಿಸುತ್ತ, ಮರಿಯ ಒಣಗಿದ ಒಸಡನ್ನು ಒತ್ತಿ ನೋಡುತ್ತ, ತಮ್ಮ ಕೈಗೆ ತಾವೇ ಹೇಸುತ್ತಿದ್ದರು. ಕೊನೆಗೂ ಮರಿ ಎದ್ದು ತಾಯಿಯ ಕೆಚ್ಚಲಿಗೆ ಬಾಯಿಟ್ಟಿತು. ಇವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ನಿರಾಳವಾಗಿ ಉಸಿರುಬಿಟ್ಟರು.

ಎರಡೂ ಲಾಯಗಳ ವೈರಸ್ಸನ್ನು ಹೋಲಿಸಿ ನೋಡಿದರೆ ರೋಗ ಎಲ್ಲಿಂದ ಬಂತೆಂದು ತಿಳಿಯುವಂತಿತ್ತು. "ಮರಿ ಹುಷಾರಾಯ್ತಲ್ಲ, ಬಿಡಮ್ಮ. ಬೀದೀಲಿ ಹೋಗೋ ಮಾರೀನ ಮನೆಗೆ ಯಾಕೆ ಕರೀತೀಯ? ಆ ಲಾಯದೋರು ನಿಂಗೆ ಬಾಗಿಲು ಮುಚ್ಚಿದ್ರೆ ನಿನ್ನ ಕೆಲಸವೇ ನಿಂತುಹೋಗುತ್ತೆ," ಎಂದರು ಪ್ರಯೋಗಾಲಯದ ಹಿರಿಯರು. ಮಾತು ನಿಜವೇ. ಹುಟ್ಟಿದಂದಿನಿಂದ ಮರಿಗಳನ್ನು ನೋಡುತ್ತ ಬರಲು ಅವರಿಗೆ ಅವಕಾಶ ಕೊಟ್ಟಿದ್ದ ಲಾಯ ಅದೊಂದೇ. ಆದರೂ ಹೋಲಿಸಿದರು. ಕಂಪ್ಯೂಟರಿನ ಪರದೆಯ ಮೇಲೆ ಎರಡೂ ವೈರಸ್ಸುಗಳ ತಳಿಸಂಕೇತದ ಸಾಲುಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು.

ಬೆಳಗಾಗುತ್ತಲೇ ಹೋಗಿ ಲಾಯದ ಯಜಮಾನನ ಮುಂದೆ ನಿಂತರು. "ನಿಮ್ಮ ಮರಿಗೆ ಕಾಯಿಲೆ ತಂದಿದ್ದು ನಾನೇ. ನನ್ನ ಕೋಟಿನಿಂದ ಬಂತು."

ಆತ ಮರಿಯ ಕಡೆಗೆ ತಿರುಗಿದ. "ನೀವು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಅದಕ್ಕೇ ಹೇಳ್ದೆ."

"ಇನ್ನು ಇಲ್ಲಿಗೆ ಬರ್ಬೇಡಿ," ಎಂದ. ದನಿಯಲ್ಲಿ ಕೋಪವಿರಲಿಲ್ಲ, ಅವರಿಗೆ ಹೆಚ್ಚು ನೋವಾದದ್ದು ಅದರಿಂದಲೇ.

ಅಂಜಿಕೆಯಲ್ಲೂ ಜಾತಿಗಳಿವೆ. ಮಾಡಿದ ತಪ್ಪು ಎಲ್ಲಿ ಕಂಡುಬಿಡುತ್ತದೋ ಎಂದು ಅಂಜುತ್ತಲೇ ನಾವು ಬಹುಮಂದಿ ಬಾಳು ಸವೆಸುತ್ತೇವೆ. ಎಲ್ಲಿ ಕಾಣದೆಯೇ ಉಳಿದುಬಿಡುತ್ತದೋ ಎಂದು ಅಂಜುವವರು ಕೆಲವರೇ. ಅಂಥವರಿಗೆ ನೆಮ್ಮದಿಯೆಂಬುದಿಲ್ಲ. ಆದರೆ ಅವರ ಕೈಗೆ ಬಿದ್ದ ಮೂಕಪ್ರಾಣಿಗೆ, ತನ್ನ ಪರವಾಗಿ ಬಾಯಿಬಿಡುವವರೊಬ್ಬರು ಇರುತ್ತಾರೆ.