ಮೊದಲ ಪ್ಯಾರಾದ ಕೆಳಗೆ

ಬೇಕರಿಯ ತೊಲೆ ಭಾವನ ಎರಡೂ ತೊಡೆಗಳ ಮೇಲೆ ಬಿದ್ದು ಐದು ಗಂಟೆಯಾಗಿತ್ತು. ಬೆಳಗ್ಗೆ ಭೂಮಿ ನಡುಗಿದಾಗ ಬೀದಿಯ ಅರ್ಧ ಕಟ್ಟಡಗಳು ಕುಸಿದು ಕೂತಿದ್ದವು. ಜನರೆಲ್ಲ ಹೊರಗೆ ಓಡಿದರೂ ಬ್ರೆಡ್ಡು ಸೀದುಹೋದೀತೆಂದು ಈ ಮಹಾಶಯ ಒಲೆಯ ಕಡೆಗೆ ಓಡಿದ್ದ. ಬಾಯಿಗೆ ಮಾತ್ರ ಯಾವ ಪೆಟ್ಟೂ ಆಗಿರಲಿಲ್ಲ. ಇಟ್ಟಿಗೆಗಳ ನಡುವೆ ನುಸುಳಿಕೊಂಡು ಬಂದ ನಾದಿನಿಯನ್ನು ಕಂಡವನೇ, "ಬಂದ್ಯಾ ತಾಯಿ? ನನಗೆ ಸೂಜಿ ಚುಚ್ಚೋಕೆ ಮದುವೆ ದಿನದಿಂದ ಕಾಯ್ತಾ ಇದ್ದೆ ನೀನು" ಅಂದ.

ನಾದಿನಿ ಆರೋಗ್ಯ ಕೇಂದ್ರದ ನರ್ಸು. ಹದಿನೆಂಟು ವರ್ಷದ ಸರ್ವಿಸಿನಲ್ಲಿ ರಕ್ತನಾಳ ಸಿಗಲಿಲ್ಲ ಎಂದು ಕೈಚೆಲ್ಲಿದವಳಲ್ಲ. ಡಾಕ್ಟರು ಮುರಿದ ಸೇತುವೆಯ ಆಚೆ ಉಳಿದಿದ್ದರಿಂದ ಈವತ್ತು ಡಾಕ್ಟರೂ ಅವಳೇ. ಆ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ನಾಲ್ಕು ಜನ ಗಂಡಸರು ಲಾರಿಯ ಜಾಕನ್ನು ತೊಲೆಯ ಕೆಳಗೆ ಕೂರಿಸಿ ಎತ್ತಲು ತಯಾರಾಗಿದ್ದರು.

"ಯಾರೂ ಮುಟ್ಟಬೇಡಿ!" ಎಂದಳು.

"ತಲೆ ಕೆಟ್ಟಿದೆಯೇನೇ ನಿನಗೆ?" ಅಕ್ಕ ಕಿರುಚಿದಳು. "ಅವರ ಜೀವ ಹೋಗ್ತಾ ಇದೆ!"

"ಅವಸರ ಮಾಡಿದ್ರೇ ಹೋಗೋದು ಅಕ್ಕಾ. ಜಜ್ಜಿದ ಮಾಂಸದಲ್ಲಿ ಇಷ್ಟು ಹೊತ್ತು ವಿಷ ತುಂಬ್ಕೊಂಡಿರುತ್ತೆ. ಭಾರ ತೆಗೆದ ತಕ್ಷಣ ಅದು ಎದೆಗೆ ನುಗ್ಗುತ್ತೆ. ಮೊದಲು ಡ್ರಿಪ್ಪು, ಆಮೇಲೆ ಜಾಕು."

ಇದನ್ನು ಅವಳು ಬರುವ ದಾರಿಯಲ್ಲಿ ಫೋನಿನಲ್ಲಿ ಓದಿಕೊಂಡಿದ್ದಳು. ಓದಿದ್ದು ಅಂದರೆ ಮೊದಲ ಪ್ಯಾರಾ. ವೈದ್ಯಕೀಯ ಪತ್ರಿಕೆಗಳ ರೀತಿಯೇ ಅದು: ಸಾರಾಂಶದ ಒಂದು ಪ್ಯಾರಾ ಬಿಟ್ಟಿ, ಅದರ ಕೆಳಗೆ ದುಡ್ಡು ಕಟ್ಟಿದರೆ ಮಾತ್ರ ತೆರೆಯುವ ಬೀಗದ ಚಿತ್ರ. ಕೇಂದ್ರದವರು ವರ್ಷಗಟ್ಟಲೆ ಆ ಒಂದೊಂದು ಪ್ಯಾರಾದಲ್ಲೇ ಕಾಲ ಹಾಕಿದ್ದರು. ‘ನಮ್ಮದು ಮೊದಲ ಪ್ಯಾರಾದ ವೈದ್ಯಕೀಯ’ ಎಂದು ಡಾಕ್ಟರೇ ನಗುತ್ತಿದ್ದರು. ಪ್ಯಾರಾ ಮುಗಿಯುತ್ತಿದ್ದಂತೆ ಅವಳ ಬೆರಳು ತಾನಾಗಿಯೇ ಪುಟ ಮುಚ್ಚುತ್ತಿತ್ತು. ಈವತ್ತೂ ಎರಡು ಸಲ ತೆರೆದು ಎರಡು ಸಲವೂ ಮುಚ್ಚಿದ್ದಳು.

ಭಾರ ಎತ್ತುವ ಮುನ್ನವೇ ಡ್ರಿಪ್ ಕೊಡಬೇಕು ಎಂದಿತ್ತು ಆ ಪ್ಯಾರಾ. ಯಾವ ಡ್ರಿಪ್ ಎಂದು ಹೇಳಿರಲಿಲ್ಲ. ರಕ್ತ ಹೋದರೂ ವಾಂತಿಭೇದಿಯಾದರೂ ಕೇಂದ್ರದಲ್ಲಿ ಹಾಕುತ್ತಿದ್ದದ್ದು ರಿಂಗರ್ ಲ್ಯಾಕ್ಟೇಟ್. ಅವಳು ಭಾವನ ತೋಳಿಗೆ ಸೂಜಿ ಹಾಕಿ, ಅದೇ ಬಾಟಲಿಯನ್ನು ಕಿಟಕಿಯ ಸರಳಿಗೆ ನೇತುಹಾಕಿ, ಫೋನನ್ನು ಹಿಂದೆಯೇ ಬಂದಿದ್ದ ಕೇಂದ್ರದ ಫಾರ್ಮಸಿಸ್ಟ್ ಕೈಗೆ ಕೊಟ್ಟಳು.

"ಗಂಟೆಗೆ ಎಷ್ಟು ಅಂತ ಇದೆಯಾ ನೋಡಿ, ಬೇಗ."

ಬೇಗ ಎಂಬ ಮಾತು ಆತನಿಗೆ ಒಗ್ಗುವುದಲ್ಲ. ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಮೊದಲಿಂದ ಕೊನೆಯವರೆಗೆ ಓದುವ ಆತನನ್ನು ಊರೆಲ್ಲ ಆಮೆ ಎಂದೇ ಕರೆಯುತ್ತಿತ್ತು. ಆಮೆ ಕನ್ನಡಕ ಸರಿಮಾಡಿಕೊಂಡು ಪುಟದ ನೆತ್ತಿಯಿಂದ ಶುರುಮಾಡಿದ.

"ಮೇಲೊಂದು ಪಟ್ಟಿ ಇದೆ ಸಿಸ್ಟರ್. ‘ಭೂಕಂಪದ ಕಾರಣ ಆರೋಗ್ಯ ಕಾರ್ಯಕರ್ತರಿಗೆ ಎಲ್ಲ ಲೇಖನಗಳೂ ಮೂವತ್ತು ದಿನ ಉಚಿತ.’"

"ಬೀಗ ಇಲ್ವಾ?"

"ಇಲ್ಲ. ಕೆಳಗೆ ಹನ್ನೊಂದು ಪುಟ ಇದೆ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈ ಪತ್ರಿಕೆಯವರು ತೆಗೆದಿದ್ದರು, ಅಷ್ಟೇ ವ್ಯತ್ಯಾಸ. ಡ್ರಿಪ್ಪಿನ ಗಾಲಿ ತಿರುಗಿಸಲು ಹೊರಟಿದ್ದ ಅವಳ ಕೈ ನಿಂತಿತು. ಫೋನು ಕಿತ್ತುಕೊಂಡು ಪುಟಗಳನ್ನು ಸರಿಸಿದಳು. ನಾಲ್ಕನೆಯ ಪುಟದಲ್ಲಿ ದಪ್ಪಕ್ಷರದಲ್ಲಿತ್ತು: ಬರೀ ಉಪ್ಪುನೀರಿನ ಸಲೈನ್, ಗಂಟೆಗೆ ಒಂದು ಲೀಟರ್. ಪೊಟ್ಯಾಸಿಯಂ ಇರುವ ಯಾವ ದ್ರಾವಣವೂ ಕೂಡದು. ಜಜ್ಜಿದ ಮಾಂಸದಿಂದ ಹೊರಬರುವ ವಿಷದಲ್ಲಿ ಹೃದಯ ನಿಲ್ಲಿಸುವುದು ಅದೇ. ಕಿಟಕಿಗೆ ನೇತುಹಾಕಿದ್ದ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಪೊಟ್ಯಾಸಿಯಂ ಎಂದಿತ್ತು.

ಬಾಟಲಿ ಕಿತ್ತು ಬಿಸಾಡಿದಳು. ಚೀಲದಲ್ಲಿ ಸಲೈನ್ ಎರಡೇ ಇದ್ದವು. "ಅಕ್ಕಾ, ಅಳೋದನ್ನ ಆಮೇಲೆ ಇಟ್ಕೋ. ಕೇಂದ್ರದ ಎರಡನೇ ಕಪಾಟು, ಕೆಳಗಿನ ಸಾಲು. ಸಲೈನ್ ಅಂತ ಬರೆದಿರೋದು ಎಷ್ಟಿದ್ರೂ ತಗೊಂಡ್ ಬಾ."

ಅಕ್ಕ ಚಪ್ಪಲಿ ಬಿಟ್ಟು ಓಡಿದಳು.

ಒಂದು ಲೀಟರ್ ಇಳಿಯುವ ತನಕ ಯಾರೂ ಜಾಕು ಮುಟ್ಟಲಿಲ್ಲ. "ನಾದಿನಿ ಕೈಗೆ ಸಿಕ್ಕ ಭಾವನಿಗೆ ತೊಲೆಯೇ ವಾಸಿ" ಎಂದು ಭಾವ ಗೊಣಗಿದ. ನಗು ಬರಲಿಲ್ಲ ಅವಳಿಗೆ. "ಈಗ ಎತ್ತಿ" ಎಂದು ಆತನ ಮಣಿಕಟ್ಟು ಹಿಡಿದುಕೊಂಡಳು. ತೊಲೆ ಒಂದು ಗೇಣು ಏರಿತು. ಬೆರಳಿನ ಕೆಳಗೆ ನಾಡಿ ಒಮ್ಮೆ ತಡವರಿಸಿತು, ಮತ್ತೆ ಹಾದಿ ಹಿಡಿಯಿತು. ಭಾವನನ್ನು ಹೊರಗೆಳೆದರು.

ಮರುದಿನ ಮಧ್ಯಾಹ್ನ ಹಗ್ಗ ಹಿಡಿದು ಹೊಳೆ ದಾಟಿ ಡಾಕ್ಟರು ಬಂದರು. ನಿನ್ನೆ ಕಪ್ಪು ಚಹಾದಂತಿದ್ದ ಭಾವನ ಮೂತ್ರ ತಿಳಿಯಾಗಿತ್ತು. ಕಿಡ್ನಿ ಉಳಿಯಿತು ಎಂದರು ಡಾಕ್ಟರು. ಅಕ್ಕ ತಂಗಿಯನ್ನು ತಬ್ಬಿಕೊಂಡು ಸೀರೆಯ ಸೆರಗೆಲ್ಲ ಒದ್ದೆಮಾಡಿಕೊಂಡಳು. ನರ್ಸಿಗೂ ಎದೆ ತುಂಬಿ ಬಂತು, ಹೆಮ್ಮೆಯೂ ಆಯಿತು. ಸಂಜೆ ಕೂತು ಹನ್ನೊಂದು ಪುಟವನ್ನೂ ಓದಿ ಮುಗಿಸಿದಳು. ಕೊನೆಯಲ್ಲಿ ಪ್ರಕಟವಾದ ತಾರೀಖು ಇತ್ತು. ಒಂಬತ್ತು ವರ್ಷ ಹಿಂದಿನದು.

ಎರಡು ವರ್ಷದ ಹಿಂದೆ ಒಬ್ಬ ಗಾರೆಯವನ ಮೇಲೆ ಗೋಡೆ ಬಿದ್ದಿತ್ತು. ಹೀಗೇ ತೊಡೆಗಳ ಮೇಲೆ, ಇಷ್ಟೇ ಹೊತ್ತು. ಹೋದ ತಕ್ಷಣ ಗೋಡೆ ಎತ್ತಿಸಿ, ರಿಂಗರ್ ಲ್ಯಾಕ್ಟೇಟ್ ಹಾಕಿದ್ದು ಅವಳೇ. ಆಂಬುಲೆನ್ಸಿನಲ್ಲಿ ಮಾತಾಡುತ್ತಿದ್ದವನು ಮಾತಿನ ನಡುವೆಯೇ ಹೋಗಿಬಿಟ್ಟ. ಹಣೆಬರಹ ಎಂದರು ಎಲ್ಲರೂ. ಅವಳೂ ಹಾಗೇ ಅಂದುಕೊಂಡಿದ್ದಳು.

ಡಾಕ್ಟರ ಮುಂದೆ ಹೋಗಿ ಪುಟ ತೋರಿಸಿದಳು. ಅವರಿಗೂ ಗಾರೆಯವನ ನೆನಪಾಯಿತು. "ನಿಮ್ಮ ತಪ್ಪಲ್ಲಮ್ಮ. ಆವತ್ತು ಇದು ನಮಗೆ ಓದೋಕೆ ಸಿಗ್ತಾನೇ ಇರ್ಲಿಲ್ಲ" ಎಂದರು.

"ಗೊತ್ತು ಸರ್. ಭೂಕಂಪ ಆದ್ರೆ ಬೀಗ ತೆಗೀತಾರೆ. ಆದ್ರೆ ಒಬ್ಬನ ಮೇಲೆ ಮಾತ್ರ ಗೋಡೆ ಬಿದ್ರೆ ಅದು ವಿಪತ್ತಲ್ವಾ?"

ಅವಳು ಕಣ್ಣು ಒರೆಸಿಕೊಂಡು ಔಷಧಿ ಕೋಣೆಗೆ ಹೋಗಿ, ಕೇಂದ್ರದಲ್ಲಿದ್ದ ಕಾಗದವನ್ನೆಲ್ಲ ಪ್ರಿಂಟರಿನ ಪಕ್ಕ ಜೋಡಿಸಿದಳು.

"ಇಪ್ಪತ್ತೊಂಬತ್ತು ದಿನ ಇದೆ" ಎಂದಳು ಆಮೆಗೆ. "ನೀವು ಓದಿ ಆರಿಸಿ, ನಾನು ಪ್ರಿಂಟ್ ತೆಗೀತೀನಿ."

"ಭೂಕಂಪದ್ದೆಲ್ಲ ತಾನೆ?"

"ಅಲ್ಲ. ಒಬ್ಬೊಬ್ಬರಿಗೇ ಆಗೋದೆಲ್ಲ. ಹೆರಿಗೆಯಿಂದ ಶುರುಮಾಡಿ."